ಜೊತೆ ತಪ್ಪಿದ ಬೆಣಚುಕಲ್ಲು

ಡಾಲ್ಬಿ, ಮ್ಯಾನ್ ದ್ವೀಪ
ಶುಕ್ರವಾರ

ಪೂಜ್ಯ ಮಾವನವರಿಗೆ ವೋರಿಯ ನಮಸ್ಕಾರಗಳು.

ನಿಮ್ಮ ಮಗನ ದೋಣಿ ಖಾಲಿಯಾಗಿ ದಡಕ್ಕೆ ಬಂದಾಗ ಅದರ ತಳದಲ್ಲಿ ಸಿಕ್ಕಿತೆಂದು ನೀವು ಕಳಿಸಿದ ಬಿಳಿ ಕಲ್ಲು ತಲುಪಿತು. "ಸುಣ್ಣದ ಕಲ್ಲಾದ್ರೆ ಬಿಸಾಕು. ಬೆಣಚಾದ್ರೆ, ದೋಣಿಗೆ ಹಾಕಿದ್ಯಾರು ಅಂತ ನಂಗೆ ಗೊತ್ತಾಗ್ಬೇಕು" ಎಂದು ಹೇಳಿಕಳಿಸಿದ್ದಿರಿ. ವಿನೆಗರ್ ಹನಿಸಿದೆ, ನೊರೆ ಏಳಲಿಲ್ಲ. ಕಿಟಕಿಯ ಗಾಜಿಗೆ ಉಜ್ಜಿದೆ, ಗೀರು ಬಿತ್ತು. ಅಲೆಗಳು ತೇಯ್ದು ಮೊಟ್ಟೆಯಂತೆ ನುಣುಪಾಗಿದ್ದರೂ ಅದು ಬೆಣಚೇ.

ಹಾಕಿದವಳು ನಿಮ್ಮ ಮೊಮ್ಮಗಳು ಬ್ರೀಶಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಬೆಣಚು ಗೋರಿಯ ಮೇಲಿಡುವ ಕಲ್ಲು, ದೋಣಿ ಹತ್ತಬಾರದು ಎಂದು ನಾನು ಅವಳಿಗೆ ಹೇಳಿರಲಿಲ್ಲ. ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ ನನ್ನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಬೇರೆ ಎರಡು ಬೆಣಚುಕಲ್ಲುಗಳನ್ನು ಉಜ್ಜಿ ತೋರಿಸಿದಳು. ಕಲ್ಲಿನ ಒಳಗೇ ಮಂಕು ಬೆಳಕು ಹೊತ್ತಿ ಆರಿತು.

"ನೀರೊಳಗೂ ಬೆಳಕು ಬರುತ್ತಮ್ಮ. ಲಾಂದ್ರ ಆರ್ಹೋದ್ರೆ ಇರ್ಲಿ ಅಂತ ಅಪ್ಪನ ಬುತ್ತೀಲಿ ಇಟ್ಟಿದ್ದೆ."

"ಒಂದನ್ನಾ?"

"ಒಂದ್ರಲ್ಲಿ ಎಲ್ಲಿ ಬೆಳಕು ಬರುತ್ತೆ? ಎರಡು ಇಟ್ಟಿದ್ದೆ."

ಆದ್ದರಿಂದ ದೋಣಿಯನ್ನು ಇನ್ನೊಮ್ಮೆ ಪೂರ್ತಿ ಹುಡುಕಿ. ಇನ್ನೊಂದು ಸಿಕ್ಕರೆ, ಚರ್ಚಿನ ಅಂಗಳದಲ್ಲಿ ಅವರ ಹೆಸರಿನಲ್ಲಿ ಎರಡನ್ನೂ ಇಡೋಣ. ಸಿಗದಿದ್ದರೆ, ಈ ಪತ್ರದ ಜೊತೆಗಿರುವ ಕಲ್ಲನ್ನು ನಿಮ್ಮ ದೋಣಿಯಲ್ಲಿ ಒಯ್ದು, ಅವರು ಬಲೆ ಬೀಸುತ್ತಿದ್ದ ಜಾಗದಲ್ಲಿ ನೀರಿಗೆ ಬಿಡಿ. ನೀವು ಬೆಣಚನ್ನು ದೋಣಿಗೆ ಹತ್ತಿಸುವವರಲ್ಲ, ಗೊತ್ತು. ಆದರೆ ಒಂದೇ ಕಲ್ಲು ಹಿಡಿದುಕೊಂಡು ಅವರು ಆ ಕತ್ತಲಲ್ಲಿ ಏನು ಮಾಡುತ್ತಾರೆ, ಮಾವ?

ನಿಮ್ಮ ಸೊಸೆ,
ವೋರಿ