ಅರವತ್ತು ದಾಟಿದವರ ಒಡಪು

ಮಮದಾಪುರ
೬-೨-೨೦೨೫

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹಾಜನರೇ,

ಇಷ್ಟೂ ಮಂದಿ ನೀವೊಬ್ಬರೇ. ಶರಣು. ಎರಡು ತಿಂಗಳು ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಫೋನಿನಲ್ಲಿ ಹೇಳೋಣವೆಂದರೆ ನೀವು ‘ಹ್ಞೂಂ’ ಅಂದು ಇಟ್ಟುಬಿಡುತ್ತೀರಿ.

ನಿಮ್ಮ ಹೆಂಡತಿ ಗೆದ್ದಿದ್ದಾಳೆ! ನಮ್ಮ ಬಿ.ಪಿ.-ಶುಗರ್ ಶಿಬಿರದ ಹೊಸ ಫಾರ್ಮಿನಲ್ಲಿ ‘ದಾಂಪತ್ಯದಲ್ಲಿ ದೈಹಿಕ ತೊಂದರೆ ಇದೆಯೇ?’ ಎಂಬ ಪ್ರಶ್ನೆಯಿದೆ. ಅರವತ್ತು ದಾಟಿದವರನ್ನು ಕೇಳಲು ನಾಚಿಕೆಯಾಗಿ, ಎಲ್ಲರಿಗೂ ನಾನೇ ‘ಇಲ್ಲ’ ಎಂದು ತುಂಬಿದ್ದೆ. ಡಾಕ್ಟರ್ ಹೀನಾ ಹಾಳೆ ತಿರುವಿ, “ಏನ್ರಿ ದಾಕ್ಷಾಯಿಣಿ, ಊರಾಗಿನ ಹಿರ್ಯಾರೆಲ್ಲಾ ಒಮ್ಮೆಲೆ ಸನ್ಯಾಸ ತಗೊಂಡಾರೇನ?” ಅಂದರು.

ಮರುವಾರ ಕೇಳಿದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಕೂತರು. ಆಗ ಹೊಳೆಯಿತು: ಗಂಡನ ಹೆಸರೆತ್ತದ ಇವರು, ಪ್ರಾಸ ಕಟ್ಟಿದ ಒಡಪಿನಲ್ಲಿ ಮಾತ್ರ ಧಾರಾಳ ಹೇಳುತ್ತಾರಲ್ಲ! “ಹೋಗ್ಲಿ, ಒಂದೊಂದ ಒಡಪ ಹಾಕ್ರಿ” ಅಂದೆ. ಅರವತ್ನಾಲ್ಕರ ಕಾಶೆವ್ವ ಗಂಟಲು ಸರಿಮಾಡಿಕೊಂಡಳು:

“ಎಳ್ಳ ಹಚ್ಚಿದ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ,
ಸೋಮಪ್ಪಗ ಬ್ಯಾನಿ ಹೇಳಲಾರದ ಹಾಸಗಿ ಬಿಟ್ಟೇನಿ.”

ಮೊದಲು ನಗೆ. ಆಮೇಲೆ ಒಬ್ಬೊಬ್ಬರೇ ಬಾಯಿಗಿಟ್ಟ ಸೆರಗು ಇಳಿಸಿದರು. ಇನ್ನೊಬ್ಬಳು, “ನಂದೂ ಹಂಗ ಐತ್ರಿ” ಅಂದಳು.

ಇಬ್ಬರನ್ನೂ ಒಳಗೆ ಕರೆದೊಯ್ದೆವು. ಮುಟ್ಟು ನಿಂತ ಮೇಲೆ ಒಣಗಿ ನೋಯುವುದು, ಮದ್ದಿರುವ ತೊಂದರೆ ಎಂದು ಡಾಕ್ಟರ್ ತಿಳಿಸಿ ಮುಲಾಮು ಬರೆದುಕೊಟ್ಟರು. ತಿಂಗಳಾದ ಮೇಲೆ ಸೋಮಪ್ಪನೇ ಬಂದ. “ನರ್ಸಬಾಯಾರ, ಆಕಿಗೆ ಸಿಟ್ಟ ಐತಿ ಅಂತ ತಿಳದ ಮೂರ ವರ್ಷ ಚಹಾಕ್ಕ ಸಕ್ಕರಿ ಸೈತ ಕೇಳಿದ್ದಿಲ್ರಿ ನಾ.”

“ಈಗ?”

“ಈಗ ಕೇಳಾಕ ಧೈರ್ಯ ಬಂದೈತಿ. ಕೊಡಬ್ಯಾಡ ಅಂತ ನೀವ ಹೇಳೀರಿ!”

ಅವನ ಶುಗರ್ ಇನ್ನೂರ ಹತ್ತು, ಮಹಾಜನರೇ. ಆದರೂ ಮುಖದಲ್ಲಿ ಮದುವೆಯ ಕಳೆ. ಕಾಶೆವ್ವ, “ನನ್ನ ಹೆಸರ ಹಿಡದ ಎಲ್ಲಾರಿಗೂ ಹೇಳವ್ವಾ” ಎಂದು ಅಪ್ಪಣೆಯನ್ನೇ ಕೊಟ್ಟಿದ್ದಾಳೆ. ಈಗ ಪಕ್ಕದ ಮೇಲವಂಕಿಯಿಂದಲೂ ಮಂದಿ ಬರುತ್ತಿದ್ದಾರೆ. ಇಪ್ಪತ್ತೇಳು ಫಾರ್ಮುಗಳಲ್ಲಿ ಖರೇ ಉತ್ತರವಿದೆ. ಡಾಕ್ಟರ್ ಚಪ್ಪಾಳೆ ತಟ್ಟಿದರು.

ಕಡೆಗೆ ಕಾಶೆವ್ವ, “ಇನ್ನ ನಿಂದೊಂದ ಒಡಪ ಹೇಳ, ತಂಗಿ” ಅಂದಳು. ನಾನು ಗುಳಿಗೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. “ಜ್ವಾಳದ ತೆನಿಯಂಗ ತುಂಬಿ ಬಾಳ್ರಿ ಇಬ್ಬರೂ” ಎಂದು ಹರಸಿದಳು. ಅದರಲ್ಲಿ ನಿಮ್ಮ ಪಾಲು ಕಳಿಸಿದ್ದೇನೆ.

ನಿಮ್ಮ
ದಾಕ್ಷಾಯಿಣಿ

ತಾ.ಕ.: ಕಾಶೆವ್ವ ಕೇಳಿದ, ನಾನು ಹೇಳದೆ ಉಳಿಸಿಕೊಂಡ ಒಡಪು ಇದು:

“ಹುಕ್ಕೇರಿ ಬಸ್ಸ ಬರೂ ಹಾದಿ ದಿನಾ ನೋಡೇನಿ,
ಗುರುಪಾದ ಅವರಿಗೆ…”

ಮುಂದೆ ಪ್ರಾಸ ಸಿಗಲಿಲ್ಲ. ಒಂದೂವರೆ ವರ್ಷದಿಂದ ನನಗೂ ಅದೇ ನೋವು. ನೀವು ಕೆಲಸದ ಊರು ಹುಕ್ಕೇರಿಯಲ್ಲೇ ಖೋಲಿ ಹಿಡಿದು ಉಳಿದದ್ದು ದಿನಾ ಬಸ್ಸಿನ ದಣಿವಿಗಲ್ಲ, ರಾತ್ರಿಯೆಲ್ಲ ನನ್ನ ಬೆನ್ನು ನೋಡಿ ನೋಡಿ. ಸಿಟ್ಟಿರಲಿಲ್ಲ ರೀ. ಇಪ್ಪತ್ತೇಳು ಮಂದಿಯ ಬಾಯಿ ಬಿಡಿಸಿದವಳಿಗೆ ನಿಮಗೊಬ್ಬರಿಗೆ ಹೇಳಲು ಬಾಯಿ ಬರಲಿಲ್ಲ.