ಅಮ್ಮನ ಕೆಂಪು ಹೈಹೀಲ್ಸ್

ಬೊಗೋಟಾ, ಮಂಗಳವಾರ

ಪ್ರೀತಿಯ ಅಮ್ಮ,

ನಾನು ಒಯ್ದ ನಿನ್ನ ಕೆಂಪು ಹೈಹೀಲ್ಸನ್ನು ಮದುವೆಗೆ ರಿಪೇರಿ ಮಾಡಿಸಿ ಕಳಿಸು ಎಂದಿದ್ದೀಯ. ರಿಪೇರಿ ಮಾತ್ರ ಮಾಡಿಸುವುದಿಲ್ಲ. ಕಾರಣ ಕೇಳಿದ ಮೇಲೆ ಬೈಯಿ.

ನಮ್ಮ ಧಾರಾವಾಹಿಯ ಖಳನಾಯಕಿ ಡೋನ್ಯಾ ಲೆಯೋಕಾಡಿಯಾ ನಡೆದು ಬರುವ ಸದ್ದು ನಿನ್ನ ಹೀಲ್ಸಿನದೇ. ಆ ನಟಿ ಸೆಟ್ಟಿನಲ್ಲಿ ಹವಾಯಿ ಚಪ್ಪಲಿ ಹಾಕಿರುತ್ತಾಳೆ. ಆಮೇಲೆ ನಾನು ಸ್ಟುಡಿಯೋದಲ್ಲಿ ಪರದೆ ನೋಡುತ್ತ, ಅವಳ ಹೆಜ್ಜೆಗೆ ಸರಿಯಾಗಿ ಕಲ್ಲಿನ ಮೇಲೆ ನಡೆದು ಸದ್ದು ತುಂಬುತ್ತೇನೆ. ಎಡಗಾಲಿನ ಸಡಿಲವಾದ ಹೀಲ್ 'ಟಕ್, ಟರಕ್' ಅಂದರೆ ಸಾಕು, ಸಂಗೀತವೇ ಬೇಡ ಎನ್ನುತ್ತಾರೆ ನಿರ್ದೇಶಕರು. ಮೊನ್ನೆ ಊರಿಗೆ ಬಂದಾಗ ನೋಡಿದೆನಲ್ಲ, ಟೀವಿಯಲ್ಲಿ ಆ ಸದ್ದು ಕೇಳಿದ್ದೇ ಬೆರ್ತಿಲ್ದಾ ಚಿಕ್ಕಮ್ಮ "ಬಂದ್ಳಪ್ಪಾ ಮಾರಿ!" ಅಂತ ಕೈಯಲ್ಲಿದ್ದ ಅರೆಪಾ ರೊಟ್ಟಿ ಕೆಳಗಿಟ್ಟು ಶಿಲುಬೆ ಗುರುತು ಹಾಕಿಕೊಂಡರು.

ಅದೇ ಚಿಕ್ಕಮ್ಮ ಈಗ "ಈ ವಯಸ್ಸಲ್ಲಿ ಅಕ್ಕಂಗೆ ಇನ್ನೊಂದ್ ಮದ್ವೆ ಬೇರೆ ಕೇಡು!" ಅಂತ ಬೀದಿಯಲ್ಲೆಲ್ಲ ಆಡಿಕೊಳ್ಳುತ್ತಿದ್ದಾರಂತೆ.

ಶುಕ್ರವಾರ ಲೆಯೋಕಾಡಿಯಾ ಜೈಲಿಗೆ ಹೋಗುತ್ತಾಳೆ, ಅಲ್ಲಿ ಅವಳಿಗೆ ಹೀಲ್ಸ್ ಬೇಡ. ಶನಿವಾರ ಮದುವೆಗೆ ಹೀಲ್ಸ್ ನಾನೇ ತರುತ್ತೇನೆ. ಚಿಕ್ಕಮ್ಮನನ್ನು ಚರ್ಚಿನಲ್ಲಿ ಮುಂದಿನ ಬೆಂಚಿಗೆ ಕೂರಿಸು. ನೀನು ಹೀಲ್ಸ್ ಹಾಕಿಕೊಂಡು ಅವರ ಬೆನ್ನ ಹಿಂದಿನ ಬಾಗಿಲಿಂದ ನಿಧಾನವಾಗಿ ನಡೆದು ಬಾ.

ಮದುಮಗ ಡೋನ್ ಎಲಿಸೇಯೊಗೆ ಮಾತ್ರ ಮೊದಲೇ ಹೇಳಿಟ್ಟಿರು. ಪಾಪ, ಓಡಿಹೋದಾರು.

ನಿನ್ನ ಹೀಲ್ಸಿನಲ್ಲಿ ನಡೆದು ಹೊಟ್ಟೆ ಹೊರೆಯುವ ಮಗಳು,
ಮರಿಸೆಲಾ