ಕನ್ನಡಕವಿಲ್ಲದೆ

ಜೂನ್ ೧೧, ಬುಧವಾರ

ಇವರ ಮೇಲೆ ಸಿಟ್ಟಾಗಬೇಕೋ, ಅಯ್ಯೋ ಎನ್ನಬೇಕೋ ತಿಳಿಯುತ್ತಿಲ್ಲ.

ನನ್ನ ಭುಜದ ಮಚ್ಚೆ ಕ್ಯಾನ್ಸರ್ ಎಂದು ಗೊತ್ತಾಗಿ, ಆಳಕ್ಕಿಳಿಯುವ ಮೊದಲೇ ಕತ್ತರಿಸಿ ತೆಗೆದರು. ಉಳಿದ ಮಚ್ಚೆಗಳ ಬಣ್ಣ, ಅಂಚು ಬದಲಾಗುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕಂತೆ. ಬೆನ್ನು ನನಗೆ ಕಾಣುವುದಿಲ್ಲ. ಅದು ಇವರ ಪಾಲಿನ ಕೆಲಸ.

ಇವತ್ತು ಸ್ನಾನ ಮುಗಿಸಿ ಬೆನ್ನು ತೋರಿಸಿದೆ.

“ಏನೂ ಇಲ್ಲ ಕಣೇ, ಎಲ್ಲಾ ಹಾಗೇ ಇದೆ.”

ತಿರುಗಿ ನೋಡಿದರೆ ಇವರ ಕನ್ನಡಕ ಮೇಜಿನ ಮೇಲಿತ್ತು. ದಿನವಿಡೀ ಕೂದಲೆಳೆಯಂಥ ಸ್ಪ್ರಿಂಗ್ ಹುಡುಕುವ ಗಡಿಯಾರ ರಿಪೇರಿಯವರು ಇವರು. ಮೈ ಉರಿದುಹೋಯಿತು.

“ಪ್ರತಿ ಸಲ ಹೀಗೇ ನೋಡಿದ್ರಾ?”

“ಏನಾದ್ರೂ ಕಂಡುಬಿಟ್ರೆ ಏನ್ಮಾಡ್ಲಿ?” ಎಂದರು, ನೆಲ ನೋಡುತ್ತ.

ಕನ್ನಡಕವನ್ನು ನಾನೇ ಅವರ ಮೂಗಿಗೇರಿಸಿದೆ. “ಯಾರದೋ ಕೈಗಡಿಯಾರ ಅಂದ್ಕೊಂಡು ನೋಡಿ,” ಎಂದೆ.

ಬೆನ್ನಿಗೆ ಉಸಿರು ತಾಗುವಷ್ಟು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

“ಸೊಂಟದ ಹತ್ರ ಒಂದಿದೆ. ಅಂಚು ಸರಿಯಿಲ್ಲ. ನಾಳೆ ಡಾಕ್ಟರ್‌ಗೆ ತೋರಿಸೋಣ.” ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಅದೇ ದನಿ.

“ಏನೂ ಇಲ್ಲ” ಎಂದಾಗ ಬಾರದ ಧೈರ್ಯ ಆಗ ಬಂತು. ಯಾಕೋ.

ಕೈ ಸೋತಿದೆ, ಸಾಕು. ದೀಪ ಆರಿಸೋಣವೆಂದರೆ, ಪಕ್ಕದಲ್ಲಿ ಮಲಗಿರುವ ಇವರು ಇನ್ನೂ ಕನ್ನಡಕ ತೆಗೆದಿಲ್ಲ.